ಮುಷ್ಟಿಗ: ಈಗ ಬಳಕೆಯಲ್ಲಿಲ್ಲ

ಮಾರ್ಚ್ ೪, ಬೆಳಗ್ಗೆ ೭

ಕರಡು ತಿದ್ದುವ ಕೆಲಸ ‘ಮ’ಕಾರಕ್ಕೆ ಬಂದಿದೆ. ಅಡ್ಡಹೆಸರುಗಳ ಕೋಶದ ಎರಡನೆಯ ಮುದ್ರಣ. ನಿವೃತ್ತನಾದರೂ ಒಮ್ಮೆ ಕಣ್ಣಾಡಿಸಿ ಕೊಡಬೇಕೆಂದು ಈಗಿನ ಸಂಪಾದಕರ ಒತ್ತಾಯ. ಮುನ್ನೂರ ಹನ್ನೆರಡನೆಯ ಪುಟದಲ್ಲಿ ಕೈ ನಿಂತಿತು.

‘ಮುಷ್ಟಿಗ: ಮುಷ್ಟಿಯುದ್ಧವನ್ನೇ ಜೀವನೋಪಾಯ ಮಾಡಿಕೊಂಡ ಮನೆತನದವರ ಅಡ್ಡಹೆಸರು. ಅತಿ ವಿರಳ. ಈಗ ಬಳಕೆಯಲ್ಲಿಲ್ಲ.’

ಅರ್ಥ ಸರಿಯಾಗಿದೆ. ಕೊನೆಯ ವಾಕ್ಯ ಸುಳ್ಳು. ಆ ಹೆಸರಿನ ಹಕ್ಕುದಾರ ಇಲ್ಲೇ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ. ಮೂವತ್ತು ವರ್ಷಗಳ ಹಿಂದೆ ಅದನ್ನು ಬರೆದವನೂ ಅವನೇ. ಒಂದು ಹೆಸರು ಬಳಕೆ ತಪ್ಪಿದೆ ಎನ್ನಲು ಇಬ್ಬರು ವಿಚಾರಿಸಿ ಆ ಪದದ ಚೀಟಿಗೆ ಸಹಿ ಹಾಕಬೇಕೆಂಬುದು ಕೋಶದ ಕಚೇರಿಯ ನಿಯಮ. ಎರಡನೆಯ ಸಹಿ ಹಾಕಿದವರು ನನ್ನನ್ನು ನಂಬಿ ಹಾಕಿದರು. ಅದು ನನ್ನ ತಂದೆಯ ಅಡ್ಡಹೆಸರು. ಇಪ್ಪತ್ತನೆಯ ವಯಸ್ಸಿಗೆ ನಾನು ಕಳಚಿಟ್ಟದ್ದು.

ಅದೇ ದಿನ, ಸಂಜೆ

ನನ್ನ ಬಳಿ ಇದ್ದು ಓದುತ್ತಿರುವ ಮೊಮ್ಮಗಳು ಬಾಕ್ಸಿಂಗ್ ಅಭ್ಯಾಸ ಮುಗಿಸಿ ಬಂದಳು. ಹದಿಮೂರನೆಯ ತಾರೀಖಿಗೆ ಅವಳ ಮೊದಲ ದೊಡ್ಡ ಪಂದ್ಯ. ಅದಕ್ಕಾಗಿ ದಾಖಲೆ ಹುಡುಕುವಾಗ ನನ್ನ ಶಾಲೆಯ ಹಳೆಯ ಪ್ರಮಾಣಪತ್ರ ಸಿಕ್ಕಿದೆ.

“ಅಜ್ಜ, ನಮ್ಮ ಸರ್‌ನೇಮ್ ಮುಷ್ಟಿಗ ಅಂತೆ! ಬಾಕ್ಸಿಂಗ್ ಮಾಡೋಳಿಗೆ ಇನ್ನೇನು ಬೇಕು? ಇಷ್ಟು ವರ್ಷ ಬಚ್ಚಿಟ್ಟಿದ್ದೀಯಲ್ಲ, ಜಿಪುಣ!”

“ಅದು ಬಳಕೆಯಲ್ಲಿಲ್ಲ.”

“ನಾನು ಬಳಸ್ತೀನಿ. ಈಗ ಬಂತಲ್ಲ ಬಳಕೆಗೆ?”

ಮೇಲಂಗಿಯ ಬೆನ್ನಿಗೆ ಹೊಲಿಸಿಯೂ ಆಗಿದೆ. ಹಿಂದಿನವರು ಯಾರಾದರೂ ರಿಂಗಿಗೆ ಇಳಿದಿದ್ದರೇ ಎಂದು ಕೇಳಿದಳು. ತಿಳಿಯದು ಎಂದೆ.

ಮಾರ್ಚ್ ೭, ಬೆಳಗ್ಗೆ ೮

ಮೂರು ದಿನಗಳಿಂದ ಅವಳಿಗೆ ತಲೆನೋವು. ಇಂದು ಗಾಜಿನ ಲೋಟಕ್ಕೆ ಕೈ ಚಾಚಿ, ಅದರ ಪಕ್ಕದ ಗಾಳಿಯನ್ನು ಹಿಡಿದಳು. ಮೊಣಕೈ ತಗುಲಿ ಲೋಟ ನೆಲಕ್ಕೆ. ಚೂರು ಗುಡಿಸುತ್ತಾ, “ನಿದ್ದೆ ಸಾಲ್ತಿಲ್ಲ ಅಜ್ಜ, ಅಷ್ಟೇ” ಎಂದಳು.

ಮೇಜಿನ ಮೇಲೆ ವೈದ್ಯಕೀಯ ತಪಾಸಣೆಯ ಅರ್ಜಿ. ‘ಕುಟುಂಬದಲ್ಲಿ ಯಾರಿಗಾದರೂ ಮಿದುಳಿನ ಕಾಯಿಲೆ?’ ಎದುರಿಗೆ ಅವಳ ದುಂಡಕ್ಷರ: ‘ಇಲ್ಲ’. ಅವಳಿಗೆ ತಿಳಿದಿರುವುದು ಅಷ್ಟೇ. ಮುತ್ತಜ್ಜ ಜ್ವರದಿಂದ ಹೋದರೆಂದು ಹೇಳಿದವನು ನಾನು.

ಲೇಖನಿ ಕೈಗೆತ್ತಿಕೊಂಡೆ. ಅರ್ಜಿಯಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿದೆ. ಆ ‘ಇಲ್ಲ’ವನ್ನು ಮುಟ್ಟಲಿಲ್ಲ...

ಮಧ್ಯಾಹ್ನ

ಇಲ್ಲಿಯಾದರೂ ಬರೆದುಬಿಡಬೇಕು. ಅಪ್ಪ ಹದಿನೆಂಟು ವರ್ಷ ಗುದ್ದಿದರು, ಗುದ್ದಿಸಿಕೊಂಡರು. ನಲವತ್ತೈದಕ್ಕೆ ಅಂಗಿಯ ಗುಂಡಿ ತಪ್ಪತೊಡಗಿತು. ಆಮೇಲೆ ಮಾತು ತೊದಲು. ನನ್ನನ್ನು ಚಿಕ್ಕಪ್ಪನ ಹೆಸರಿನಿಂದ ಕರೆದರು. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿದರೂ ಪಂದ್ಯದ ಗಂಟೆಯೆಂದು ಎದ್ದು ನಿಂತು ಮುಷ್ಟಿ ಬಿಗಿಯುವರು. ನನ್ನ ಗೆಳೆಯರು ಬೇಕೆಂದೇ ಬಾರಿಸುತ್ತಿದ್ದರು. ನಾನೂ ನಕ್ಕೆ — ಒಮ್ಮೆ. ಆಸ್ಪತ್ರೆಗೆ ಸೇರಿಸಿದ ವಾರವೇ ಹೆಸರನ್ನೂ ಬಿಟ್ಟೆ. ಅಲ್ಲಿ ಮೂರು ವರ್ಷ ಬದುಕಿದ್ದರು. ನೋಡಲು ಹೋದದ್ದು ಎರಡು ಸಲ.

ಮಾರ್ಚ್ ೧೧, ಸಂಜೆ

ನಾಲ್ಕು ದಿನ ಏನೂ ಬರೆಯಲಿಲ್ಲ. ಇಂದು ಅವಳ ತರಬೇತುದಾರರ ಬಳಿಗೇ ಹೋದೆ. ನೇತಾಡುವ ಮರಳಿನ ಚೀಲಗಳ ನಡುವೆ ಕುರ್ಚಿ ಹಾಕಿಸಿದರು.

“ಬನ್ನಿ ಯಜಮಾನ್ರೇ! ನನ್ನ ಕನ್ನಡ ತಪ್ಪಾದ್ರೆ ಹೊಡೆದುಬಿಡಬೇಡಿ ಮತ್ತೆ!”

ಮನೆಯಲ್ಲಿ ಯಾರಿಗಾದರೂ ತಲೆಯ ಪೆಟ್ಟಿನಿಂದ ಕಾಯಿಲೆಯಾಗಿದ್ದರೆ ಏನು ಮಾಡುವಿರೆಂದು ಕೇಳಿದೆ.

“ಡಾಕ್ಟ್ರು ಸ್ಕ್ಯಾನ್ ಮಾಡಿಸ್ದೆ ರಿಂಗಿಗೆ ಬಿಡಲ್ಲ. ಬಿಡಲೂಬಾರದು. ಯಾಕೆ, ಯಾರಿಗಾದ್ರೂ ಇತ್ತಾ?”

“ಇಲ್ಲ, ಸುಮ್ಮನೆ ಕೇಳಿದೆ.”

ನಾಲಗೆ ತಾನಾಗಿಯೇ ಹೇಳಿತು.

ಮಾರ್ಚ್ ೧೨, ಬೆಳಗ್ಗೆ ೧೦

ನಾಳೆ ಪಂದ್ಯ. ಇಂದು ಹನ್ನೊಂದು ಗಂಟೆಗೆ ಅರ್ಜಿ ಕೊಡಬೇಕು. ಶೂಗಳ ದಾರ ಕಟ್ಟುತ್ತಿದ್ದಳು. ಹೇಳಿದೆ. ಗುಂಡಿ, ಗಂಟೆ, ನಕ್ಕದ್ದು, ಎಲ್ಲವನ್ನೂ.

“ಎರಡೇ ಸಲ ಹೋದ್ಯಾ?”

“ಹೌದು.”

“ಅವರ ಬಗ್ಗೆ ನಾಚಿಕೆ ಆಗ್ತಿತ್ತಾ?”

ಆಗುತ್ತಿತ್ತು ಎಂದೆ. ಅರ್ಜಿಯನ್ನು ನನ್ನತ್ತ ತಳ್ಳಿದಳು. “ತಿದ್ದು. ನೀನೇ ತಿದ್ದು.”

‘ಇಲ್ಲ’ವನ್ನು ಹೊಡೆದುಹಾಕಿದೆ. ‘ಹೌದು, ಮುತ್ತಜ್ಜನಿಗೆ’ ಎಂದು ಬರೆದು ಅಪ್ಪನ ಪೂರ್ತಿ ಹೆಸರು ಸೇರಿಸಿದೆ, ಅಡ್ಡಹೆಸರು ಸಮೇತ. ಐವತ್ತೈದು ವರ್ಷಗಳ ಮೇಲೆ.

“ಮ್ಯಾಚ್ ಹೋಯ್ತು, ಗೊತ್ತಾ ನಿಂಗೆ?”

ಇನ್ನೂ ಬೈಯುವಳೆಂದು ಕಾದೆ. ಕಟ್ಟಿದ ದಾರವನ್ನೇ ಬಿಚ್ಚುತ್ತಾ ಕುಳಿತಳು.

“ಅಜ್ಜ... ನಾನೂ ಹೇಳಿಲ್ಲ. ಒಂದು ವಾರದಿಂದ, ಎಡಕ್ಕೆ ನೋಡಿದ್ರೆ ಎಲ್ಲ ಎರಡೆರಡು ಕಾಣ್ತಿದೆ.”

ಮಧ್ಯಾಹ್ನ ೧೨.೪೦, ಆಸ್ಪತ್ರೆ

ಓಲೆ, ಕೈಗಡಿಯಾರ ಬಿಚ್ಚಿ ನನ್ನ ಅಂಗೈಗೆ ಹಾಕಿ ಸ್ಕ್ಯಾನ್ ಕೋಣೆಗೆ ಹೋದಳು. ಬಾಗಿಲಲ್ಲಿ ತಿರುಗಿ, “ಮುತ್ತಜ್ಜ ಗೆಲ್ತಿದ್ರಾ?” ಎಂದಳು. ಉತ್ತರಿಸುವಷ್ಟರಲ್ಲಿ ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷವೆಂದಿದ್ದರು. ನಲವತ್ತಾಯಿತು. ಹೊರಬಂದ ಮೇಲೆ ಹೇಳಬೇಕು, ಮರೆಯದಂತೆ ಬರೆದಿಡುತ್ತೇನೆ. ನಾನು ಕಂಡದ್ದು ಒಂದೇ ಪಂದ್ಯ, ಒಂಬತ್ತನೆಯ ವಯಸ್ಸಿನಲ್ಲಿ. ಮೊದಲ ಸುತ್ತಿಗೇ ಅಪ್ಪ ಬಿದ್ದರು. ಎದ್ದರು. ಮುಂದಿನ ಸುತ್ತಿನಲ್ಲಿ ಎದುರಾಳಿ ಹಗ್ಗಕ್ಕೆ ಒರಗಿದ. ಅಷ್ಟು ಜನರ ನಡುವೆ ಅಪ್ಪ ನನ್ನನ್ನೇ ಹುಡುಕಿ, ಕೈ —

ಬಾಗಿಲು ತೆರೆಯಿತು. ವೈದ್ಯರು ಮಾತ್ರ. ಅವಳಿಲ್ಲ. ನನ್ನ ಕಡೆಗೇ ಬರುತ್ತಿದ್ದಾರೆ —