ಬೆಲ್ಲ ಒಪ್ಪಿಕೊಂಡ

ನನ್ನ ಮುದ್ದು ಅಮ್ಮಾ,

ಬೆಲ್ಲ ಇವತ್ತು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿಬಿಟ್ಟ! ಅದೇ, ಫೋಟೋ ನೋಡಿ ನೀನು “ಇದು ನರಿ ಅಲ್ವೇನೇ?” ಎಂದೆಯಲ್ಲ, ವೈಭವ್ ಸಾಕಿರುವ ಜಪಾನಿನ ಶಿಬಾ ನಾಯಿ.

ಮದುವೆಯಾಗಿ ನೈರೋಬಿಗೆ ಬಂದಾಗಿನಿಂದ ನಾನು ಕರೆದರೆ ಬೆನ್ನು ತಿರುಗಿಸುತ್ತಿದ್ದ. ಬಿಸ್ಕತ್ತು ಕೊಟ್ಟರೆ ತಿಂದು, ಬಾಲವನ್ನೂ ಅಲ್ಲಾಡಿಸದೆ ಬಾಲ್ಕನಿಗೆ ಹೋಗುತ್ತಿದ್ದ. ಇವತ್ತು ಕರೆಯಲೇ ಇಲ್ಲ; ನೆಲದ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದೆ. ತಾನಾಗಿಯೇ ಬಂದ! ಕಾಲು ಜೋಮು ಹಿಡಿಯಿತು, ಒಲೆಯ ಮೇಲೆ ಅನ್ನ ತಳ ಹಿಡಿಯಿತು, ನಾನು ಮಾತ್ರ ಅಲ್ಲಾಡಲಿಲ್ಲ.

ಈಗ ಕಷ್ಟದ ಮಾತು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿರಬಾರದೆಂದು ತಿಂಗಳಿಡೀ ಮೊಂಬಾಸಾಕ್ಕೆ ಕರೆದಿದ್ದೀಯ. ನನ್ನ ಕೋಣೆಗೆ ಹೊಸ ಪರದೆ ಹಾಕಿಸಿದೆಯೆಂದು ಅಪ್ಪ ಹೇಳಿದರು. ಆದರೆ ಒಂದು ತಿಂಗಳು ಬಿಟ್ಟಿದ್ದರೆ ಬೆಲ್ಲನಿಗೆ ನಾನು ಮತ್ತೆ ಯಾರೋ ಆಗಿಬಿಡುತ್ತೇನೆ. ಏನು ಮಾಡಲಿ ಎಂದು ಅಳುಕುತ್ತಲೇ ಅತ್ತೆಯನ್ನು ಕೇಳಿದೆ.

“ಶಾಸ್ತ್ರ ಇರೋದು ನಮ್ಮಿಬ್ರಿಗೆ ಕಣೇ, ನಾಯಿಗಲ್ಲ. ಅಮ್ಮನ ಹತ್ರ ಒಂದು ವಾರ ಇದ್ದು ಬಾ. ಆಮೇಲೆ ಆಷಾಢ ಮುಗಿಯೋವರೆಗೂ ನಾನು ಪಾರ್ಕ್‌ಲ್ಯಾಂಡ್ಸ್‌ಗೆ, ತಂಗಿ ಮನೆಗೆ ಹೋಗಿರ್ತೀನಿ,” ಎಂದರು. ಎಷ್ಟು ಒಳ್ಳೆಯವರು ನೋಡು!

ಒಂದೇ ವಾರವೆಂದು ಬೇಜಾರಾಗಬೇಡ. ಆ ವಾರ ಪೂರ್ತಿ ನಿನ್ನದೇ. ಬೀಚಿಗೆ ಹೋಗಲು ನೀನು ಎಬ್ಬಿಸಿದ ತಕ್ಷಣ ಏಳುತ್ತೇನೆ, ಪ್ರಾಮಿಸ್. ಸ್ಟೇಷನ್ನಿಗೆ ಡ್ರೈವರನ್ನು ಕಳಿಸದೆ ನೀನೇ ಬಾ. ಶುಕ್ರವಾರ, ನೈರೋಬಿಯ ಬೆಳಗಿನ ರೈಲು.

ನಿನ್ನ ಪ್ರಣತಿ