ಗುರುಮೂರ್ತಿಯವರ ಕೈಗೆ ಚುಚ್ಚಿದ ಗಾಳ

ವುಡ್‌ಲ್ಯಾಂಡ್ಸ್, ಸಿಂಗಾಪುರ
13 ಜುಲೈ 2025, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ಮಹಾಬಲನ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಮೀರಾಳ ಸೊಂಟನೋವು ಕಡಿಮೆಯಾಗಿದೆ. ಮಗ ವಿಹಾನ್ ನನಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾನೆ. ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ, ಮೊದಲು ಅದಕ್ಕೆ ಬೈದುಬಿಡು. ವಾರವಾರ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ಗಾಬರಿ ಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ "ಊಟ ಆಯ್ತಾ ತಮಾ" ಎನ್ನುತ್ತೀಯ, ನಾನು ಆಯಿತು ಎನ್ನುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಇದನ್ನು ಸಮೃದ್ಧಿಯ ಕೈಯಲ್ಲಿ ಓದಿಸಬೇಡ. ಮಗಳಿಗೆ ಬೇಕಾದರೆ ಆಮೇಲೆ ಹೇಳು, ಮೊದಲು ಕನ್ನಡಕ ಹಾಕಿಕೊಂಡು ನೀನೇ ಓದು.

ಅಲ್ಲಿ ಈಗ ಮಳೆಗಾಲದ ಬಂದ್, ದೋಣಿಗಳೆಲ್ಲ ದಡದ ಮೇಲಿರಬೇಕು. ಕುಮಟಾ ಪೇಟೆಯಲ್ಲಿ ನಿನ್ನ ಬುಟ್ಟಿಗೆ ಒಣಮೀನೇ ಗತಿಯಾಗಿರಬೇಕು. ಇಲ್ಲಿ ನಿನ್ನೆ ನಾನು ದೋಣಿ ಹತ್ತಿದೆ. ಅಪ್ಪ ಹೋದಮೇಲೆ ಇದೇ ಮೊದಲು. ಆ ದೋಣಿಯ ಕಥೆ ಹೇಳಲೆಂದೇ ಈ ಕಾಗದ, ಆದರೆ ಅದಕ್ಕೆ ಮುಂಚೆ ನನ್ನ ಹನ್ನೊಂದು ವರ್ಷದ ಒಂದು ಕಳ್ಳತನವನ್ನು ಹೇಳಬೇಕು.

ಇಲ್ಲಿಗೆ ಬಂದ ವರ್ಷ ಕನ್ನಡದವರ ಗಣಪತಿ ಪೂಜೆಗೆ ಹೋಗಿದ್ದೆ. ಅಲ್ಲಿ ಪರಿಚಯವಾದವರು ಗುರುಮೂರ್ತಿಯವರು, ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಹೆಸರು ಕೇಳಿದವರೇ "ಗೋಕರ್ಣದ ಕಡೆಯವರು, ಹವ್ಯಕರು ಅಲ್ವೇ?" ಎಂದರು. ಊರು ಅದೇ ಕಡೆ ಎಂದು ನಕ್ಕೆ. ಆ ನಗುವನ್ನೇ ಅವರು ಹೌದು ಎಂದುಕೊಂಡರು. ಮರುವರ್ಷ ಪುರೋಹಿತರಿಗೆ ಜ್ವರ ಬಂದಾಗ ಸತ್ಯನಾರಾಯಣ ಪೂಜೆಗೆ ನನ್ನನ್ನೇ ಕೂರಿಸಿದರು. ನಿನ್ನ ತಮ್ಮ ಮಂತ್ರವನ್ನು ಮೊಬೈಲಿನಲ್ಲಿ ನೋಡಿ, ನಾಲ್ಕು ರಾತ್ರಿ ಉರುಹೊಡೆದು, ಊರಿನವರಿಗೆಲ್ಲ ತೀರ್ಥ ಕೊಟ್ಟ. ನಗಬೇಡ ಅಕ್ಕ. ಅಂದಿನಿಂದ ಪ್ರತಿ ವರ್ಷ ಅದು ನನ್ನದೇ ಕೆಲಸವಾಯಿತು.

ಮೊದಲು ಇದೊಂದು ತಮಾಷೆಯಾಗಿತ್ತು. ಆಮೇಲೆ, ಈಗ ಹೇಳಿದರೆ ಇಷ್ಟು ದಿನ ಮೋಸಮಾಡಿದವನಾಗುತ್ತೇನೆ ಎಂಬ ಹೆದರಿಕೆ ಹತ್ತಿತು. ಮೀರಾ ಆಸ್ಪತ್ರೆ ಸೇರಿದಾಗ ಇಪ್ಪತ್ತು ದಿನ ನಮಗೆ ಊಟ ಕಳಿಸಿದ್ದು ಗುರುಮೂರ್ತಿಯವರ ಹೆಂಡತಿ ಸರಳಾ. ಬ್ಯೂನಾ ವಿಸ್ಟಾದ ಅವರ ಮನೆಯಿಂದ ಇಲ್ಲಿಗೆ ರೈಲು ಬದಲಿಸಿ ಬರಬೇಕು, ಆದರೂ ಒಂದು ದಿನ ತಪ್ಪಿಸಲಿಲ್ಲ. ಆ ಮನೆಯನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಮನೆಯಲ್ಲಿ ಮೀನು ಬೇಯಿಸುವುದನ್ನೇ ಬಿಟ್ಟೆವು, ಯಾವಾಗ ಯಾರು ಬಾಗಿಲು ತಟ್ಟುತ್ತಾರೋ ಎಂದು. ತಿಂಗಳಿಗೆರಡು ಶನಿವಾರ ಇಲ್ಲಿಂದ ಬಸ್ಸು ಹತ್ತಿ, ಸೇತುವೆಯ ಮೇಲೆ ಕಡಲು ದಾಟಿ, ಮಲೇಷ್ಯಾದ ಜೊಹೋರ್ ಬಾರುವಿಗೆ ಹೋಗಿ ಮೀನು ತಿಂದು, ಏಲಕ್ಕಿ ಜಗಿಯುತ್ತ ವಾಪಸು ಬರುತ್ತಿದ್ದೆವು. ಪಾಸ್‌ಪೋರ್ಟ್ ತೋರಿಸಿ ಮೀನು ತಿನ್ನುವ ಹರಿಕಂತ್ರರು ನಮ್ಮ ಮೀನುಗಾರರ ಕುಲದಲ್ಲಿ ಇನ್ನೊಬ್ಬರಿರಲಾರರು.

ಈಗ ದೋಣಿಯ ಮಾತು. ನವನೀತ್ ಎಂಬ ಬೆಂಗಳೂರಿನ ಹುಡುಗ ಆಂಗ್ ಮೋ ಕಿಯೋ ಎಂಬಲ್ಲಿ ನನ್ನ ಜೊತೆಯೇ ಕೆಲಸ ಮಾಡುವವನು. ಹುಡುಗ ಎಂದರೆ ನಲವತ್ತು ತುಂಬಿತು, ಅದರ ಸಂಭ್ರಮಕ್ಕೇ ದೋಣಿ ಬುಕ್ ಮಾಡಿದ್ದ, ಸೀ ಬಾಸ್ ಮೀನು ಹಿಡಿಯಲು. ಗುರುಮೂರ್ತಿಯವರೂ ಬರುತ್ತೇನೆಂದರು, ಆದರೆ ಒಂದು ಕರಾರು ಹಾಕಿದರು: ಹಿಡಿದ ಮೀನನ್ನೆಲ್ಲ ಅಲ್ಲೇ ಬಿಟ್ಟುಬಿಡಬೇಕು. ಎರಡು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ ತಂದಿದ್ದರು. ದೋಣಿ ನಡೆಸುವ ಹಸನ್ ಅಂಕಲ್ ಆ ಡಬ್ಬಿಗಳನ್ನೂ ನಮ್ಮನ್ನೂ ನೋಡಿ, ಮೀನು ಹಿಡಿಯಲೋ ಮೀನಿಗೆ ಊಟ ಹಾಕಲೋ ಎಂದು ಕೇಳಿದರು.

ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಲೇ ಕೂತಿದ್ದೆ. ಏನೂ ಬಾರದವನಂತೆ ಗಾಳದ ಕೋಲನ್ನು ತಲೆಕೆಳಗಾಗಿ ಹಿಡಿದೆ. ನವನೀತ್ ಪಾಪ, ದಾರಕ್ಕೆ ಗಂಟು ಹಾಕುವುದನ್ನು ನನಗೆ ಮೂರು ಸಲ ಹೇಳಿಕೊಟ್ಟ. ಅವನ ಗಂಟನ್ನು ಅಪ್ಪ ನೋಡಿದ್ದರೆ ದೋಣಿಯಿಂದ ಇಳಿಸುತ್ತಿದ್ದ. ಆದರೆ ಉಬಿನ್ ದ್ವೀಪದ ಹಿಂದೆ ನೀರು ತಿರುಗುವುದನ್ನು ನೋಡಿದಾಗ, ಈಗ ಇಳಿತ ಶುರುವಾಯಿತು, ಮೀನು ನೀರಿನಲ್ಲಿ ನಿಂತ ಆ ಕಂಬಗಳ ಬುಡದಲ್ಲಿರುತ್ತದೆ ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಹತ್ತು ಗಂಟೆಯ ಹೊತ್ತಿಗೆ ನವನೀತನಿಗೆ ದೊಡ್ಡದೇ ಸಿಕ್ಕಿತು. ನಾಲ್ಕು ಕಿಲೋಗೆ ಕಡಿಮೆಯಿಲ್ಲ, ಬೆಳ್ಳಿಯ ಬಣ್ಣ. ಅವನು ಕಟ್ಟಿದ್ದು ಮೂರು ಮುಳ್ಳಿನ ಗಾಳ. ಮೀನು ದೋಣಿಯೊಳಗೆ ಬಿದ್ದು ಬಡಿದುಕೊಳ್ಳತೊಡಗಿದ್ದೇ ಗುರುಮೂರ್ತಿಯವರು "ಅಯ್ಯೋ ಪಾಪ" ಎನ್ನುತ್ತ, ತಾವೇ ಬಿಡಿಸಿ ಪುಣ್ಯ ಕಟ್ಟಿಕೊಳ್ಳಲು ಬರಿಗೈಯಲ್ಲಿ ಬಗ್ಗಿದರು. ಮೀನು ಒಮ್ಮೆ ಹಾರಿತು, ಅಷ್ಟೇ. ಒಂದು ಮುಳ್ಳು ಅದರ ಬಾಯಲ್ಲಿ, ಇನ್ನೊಂದು ಇವರ ಬಲಗೈ ಹೆಬ್ಬೆರಳಿನ ಬುಡದಲ್ಲಿ. ಮೀನು ಒದ್ದಾಡಿದ ಹಾಗೆಲ್ಲ ಮುಳ್ಳು ಒಳಗೆ ಹೋಗುತ್ತಿತ್ತು. ನವನೀತ್ ಕೋಲು ಹಿಡಿದು ಎಳೆಯುತ್ತಿದ್ದ. ಹಸನ್ ಅಂಕಲ್ ದೋಣಿಯ ಮುಂದಿನ ತುದಿಯಲ್ಲಿದ್ದರು.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ದಾರ ಸಡಿಲ ಬಿಡು ಎಂದು ನವನೀತನಿಗೆ ಗದರಿದೆ. ಟವೆಲ್ಲನ್ನು ನೀರಿಗೆ ಅದ್ದಿ ಮೀನಿನ ಕಣ್ಣು ಮುಚ್ಚಿದೆ, ಕೆಳದವಡೆಗೆ ಹೆಬ್ಬೆರಳು ಕೊಟ್ಟು ಒತ್ತಿ ಹಿಡಿದೆ. ಕಿವಿರಿನ ಹತ್ತಿರ ಕೈ ಹೋಗಬಾರದು, ಅದರ ಅಂಚು ಬ್ಲೇಡಿನ ಹಾಗೆ ಎಂದು ನೀನೇ ಅಲ್ಲವೇ ಹೇಳಿಕೊಟ್ಟದ್ದು? ಮೀನು ಸುಮ್ಮನಾಯಿತು. ಇಕ್ಕಳದಲ್ಲಿ ಅದರ ಬಾಯಿಂದ ಮುಳ್ಳು ತೆಗೆದು ನೀರಿಗೆ ಬಿಟ್ಟೆ. ಆಮೇಲೆ ಗುರುಮೂರ್ತಿಯವರ ಕೈ. ಗಾಳದ ಬಾಗಿಗೆ ಗಟ್ಟಿ ದಾರ ಸುತ್ತಿದೆ, ಗಾಳದ ಕಡ್ಡಿಯನ್ನು ಚರ್ಮಕ್ಕೆ ಒತ್ತಿದೆ, ಆ ಕಡೆ ಕಾಣುವ ಹಡಗು ಯಾವ ದೇಶದ್ದು ನೋಡಿ ಎಂದೆ. ಅವರು ತಿರುಗಿದ್ದೇ ಒಂದೇ ಎಳೆತ. ಅಪ್ಪ ನಿನ್ನ ಅಂಗಾಲಿನಿಂದ ತೆಗೆದನಲ್ಲ, ಹಾಗೆಯೇ. ಅವರಿಗೆ ಕೂಗಲೂ ಹೊತ್ತಾಗಲಿಲ್ಲ.

ಹಸನ್ ಅಂಕಲ್ ಗಾಯ ತೊಳೆದು ಬಟ್ಟೆ ಕಟ್ಟಿದರು. ಕಟ್ಟನ್ನು ನೋಡಿಕೊಳ್ಳುತ್ತ ಗುರುಮೂರ್ತಿಯವರು ಕೇಳಿದರು.

"ಇದೆಲ್ಲ ಎಲ್ಲಿ ಕಲಿತ್ರಿ?"

ಒಂದು ಸುಳ್ಳು ಸಿದ್ಧವಾಗಿತ್ತು ಅಕ್ಕ, ಮೊಬೈಲಿನಲ್ಲಿ ನೋಡಿದ್ದೆ ಎನ್ನಬಹುದಿತ್ತು. ನನಗೆ ಸಾಕಾಗಿಹೋಗಿತ್ತು.

"ಮನೇಲಿ. ನಾನು ಹವ್ಯಕ ಅಲ್ಲ ಸಾರ್. ನಾವು ಹರಿಕಂತ್ರರು. ಅಪ್ಪ ಮೀನು ಹಿಡೀತಿದ್ದ. ಅಕ್ಕ ಈಗಲೂ ಪೇಟೇಲಿ ಮೀನು ಮಾರ್ತಾಳೆ."

ಅವರು ನೀರು ನೋಡುತ್ತ ಕೂತರು. ನವನೀತ್ ಮಾತ್ರ, ಮೀನಿನ ಮರಿಗೆ ಬೆಳಿಗ್ಗೆಯಿಂದ ನಾನು ಈಜು ಕಲಿಸ್ತಿದ್ದೆನಲ್ಲಪ್ಪಾ ಎಂದು ಗೊಣಗಿಕೊಂಡ.

"ಹತ್ತು ವರ್ಷ ನಿಮ್ಮ ಕೈಲಿ ತೀರ್ಥ ತಗೊಂಡಿದೀನಿ ಕಣ್ರೀ" ಎಂದರು ಗುರುಮೂರ್ತಿ. ನಾನು ತಲೆ ಎತ್ತಲಿಲ್ಲ. "ಈಗ ಹಸಿವಾಗ್ತಿದೆ. ಈ ಕೈಲಿ ತಿನ್ನೋಕಾಗಲ್ಲ, ಸರಳಾ ಚಮಚ ಇಟ್ಟಿಲ್ಲ. ಮೊಸರನ್ನ ತೆಗೀರಿ, ನೀವೇ ತಿನ್ನಿಸಬೇಕು."

ಎರಡು ಸಲ ಕೈ ತೊಳೆದೆ. ಆದರೂ ಮೀನಿನ ವಾಸನೆ ಹೋಗುತ್ತದೆಯೇ? ಶಾಲೆಗೆ ಹೊರಡುವಾಗ ನೀನು ನನ್ನ ಅಂಗೈಗೆ ಲಿಂಬೆ ಹೋಳು ತಿಕ್ಕುತ್ತಿದ್ದೆ, ಯಾರಿಗೂ ನಾತ ಬಾರದಿರಲಿ ಎಂದು. ನಿನ್ನೆ ಲಿಂಬೆಯೂ ಇರಲಿಲ್ಲ. ಮೊದಲ ತುತ್ತಿಗೆ ಅವರು ಮುಖ ಕಿವುಚಿದರು, ಅದನ್ನು ನಿನಗೆ ಮುಚ್ಚಿಡುವುದಿಲ್ಲ. ಕಣ್ಣು ಮುಚ್ಚಿ ನುಂಗಿದರು. ಎರಡನೆಯ ತುತ್ತಿಗೆ ತಾವೇ ಬಾಯಿ ತೆರೆದರು. ಡಬ್ಬಿ ಖಾಲಿಯಾಗುವವರೆಗೆ ತಿನ್ನಿಸಿದೆ. ಮುಂದಿನ ವರ್ಷದ ಪೂಜೆಗೂ ನಾನೇ ಕೂರಬೇಕಂತೆ, ನನ್ನಷ್ಟು ಸ್ಪಷ್ಟವಾಗಿ ಮಂತ್ರ ಹೇಳುವವರನ್ನು ಅವರು ಕಂಡಿಲ್ಲವಂತೆ. ಉರುಹೊಡೆದವನಿಗೆ ಅಕ್ಷರ ನುಂಗಲು ಬರುವುದಿಲ್ಲ ಎಂದೆ. ಆಗ ನಕ್ಕರು ನೋಡು, ನನ್ನ ಬೆನ್ನ ಮೇಲಿದ್ದ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು.

ದಡಕ್ಕೆ ಬಂದು ಅವರಿಗೆ ಇಂಜೆಕ್ಷನ್ ಹಾಕಿಸಿದೆವು. ಇವತ್ತು ಬೆಳಿಗ್ಗೆ ಕೈ ಊದಿಲ್ಲ ಎಂದು ಫೋನ್ ಮಾಡಿದ್ದರು. ವಿಹಾನನಿಗೆ ವಿಷಯ ಹೇಳಿದಾಗ "ಹಾಗಾದ್ರೆ ಇನ್ಮೇಲೆ ಮೀನು ಮನೇಲೇ ಮಾಡ್ಬಹುದು ಲಾ" ಎಂದು ಇಲ್ಲಿಯ ಹುಡುಗರ ಧಾಟಿಯಲ್ಲಿ ಹೇಳಿದ, ಅಷ್ಟೇ. ಈಗ ಮೀರಾ ಒಲೆಯ ಮೇಲೆ ಮೀನು ಸಾರಿಟ್ಟಿದ್ದಾಳೆ. ಕಿಟಕಿ, ಬಾಗಿಲು ಎಲ್ಲ ತೆರೆದಿವೆ. ಹನ್ನೊಂದು ವರ್ಷದ ಮೇಲೆ ಈ ಮನೆಗೆ ನಮ್ಮ ಮನೆಯ ವಾಸನೆ ಬಂದಿದೆ.

ಮಂಡಿನೋವಿನ ಎಣ್ಣೆ ತಪ್ಪಿಸಬೇಡ. ಮಳೆಯಲ್ಲಿ ಪೇಟೆಗೆ ಹೋಗುವಾಗ ಆ ಜಾರುವ ಮೆಟ್ಟಿಲಿನಿಂದ ಇಳಿಯಬೇಡ. ಸಮೃದ್ಧಿಗೆ ಮಾವನ ಆಶೀರ್ವಾದ ಹೇಳು, ಅವಳು ಓದಿದ್ದೆಲ್ಲ ಕೈಗೂಡಲಿ. ನನ್ನ ಮೇಲೆ ನಿನ್ನ ಕೈ ಇರಲಿ.

ನಿನ್ನ ತಮ್ಮ,
ಮಹಾಬಲೇಶ್ವರ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮೊಸರನ್ನ ತಿನ್ನುವಾಗ ಗುರುಮೂರ್ತಿಯವರು ಇನ್ನೊಂದು ಮಾತು ಕೇಳಿದರು. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನೀರುದೋಸೆ ಮಾಡಿ ಬಡಿಸಿದ ಹೆಂಗಸು ಯಾರು ಎಂದು. ಅವತ್ತು ಅವರು ಕೇಳಿದಾಗ ನಾನು, ಅಡುಗೆ ಸಹಾಯಕ್ಕೆ ಊರಿಂದ ಬಂದವರು ಎಂದಿದ್ದೆ. ನಿನ್ನೆ, ಅವಳು ನನ್ನ ಅಕ್ಕ ಎಂದೆ. ನಾನು ಶಾಲೆಗೆ ಹೋಗಲೆಂದು ತಾನು ಶಾಲೆ ಬಿಟ್ಟವಳು ಎಂದೂ ಹೇಳಿದೆ. ಅವತ್ತು ನೀನು ಅಡುಗೆಮನೆಯಲ್ಲಿದ್ದೆ, ದೋಸೆಯ ಸದ್ದಿಗೆ ನಿನಗೆ ಕೇಳಿಸಿರಲಾರದು ಎಂದು ಮೂರು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿನ್ನೆ ಸಂಜೆ ಮೀರಾ ಹೇಳಿದಳು: ಅತಿಥಿಗಳು ಹೋದಮೇಲೆ ಅವರ ತಟ್ಟೆಗಳನ್ನೆಲ್ಲ ನೀನೇ ತೊಳೆದೆಯಂತೆ. ಅವಳು ತಡೆದರೆ, "ಇರಲಿ ಬಿಡೇ, ನಾ ಬಂದದ್ದೇ ಅದಕ್ಕಲ್ವಾ" ಎಂದೆಯಂತೆ.