ಜ್ವರ ಇಲ್ಲ

ಆಗಸ್ಟ್ ೧೧, ಮಂಗಳವಾರ

ತಲೆ ಕೆಟ್ಟುಹೋಗಿದೆ. ಮನೆಯಲ್ಲೇ ಇರುವ ಸೋಂಕಿತರಿಗೆ ದಿನಾ ಒಂಬತ್ತಕ್ಕೆ ಫೋನ್ ಮಾಡಿ ಜ್ವರ ಇದೆಯಾ ಎಂದು ಕೇಳುವುದು ನನ್ನ ಕೆಲಸ. ಜಿಲ್ಲಾ ಕಚೇರಿಯ ಪಟ್ಟಿಯಲ್ಲಿ ಇವತ್ತೂ ಹಿಂದಿನ ಬೀದಿಯ ದರ್ಜಿಯ ಹೆಸರಿತ್ತು. ಅವರು ತೀರಿಕೊಂಡು ಮೂರು ದಿನವಾಯಿತು. ಹೆಸರು ತೆಗೆಯಿರಿ ಎಂದು ಎಷ್ಟು ಬಡಿದುಕೊಂಡರೂ ಗುಮಾಸ್ತನದು ಒಂದೇ ಮಾತು: "ಸಾವಿನ ಲೆಕ್ಕ ನಮ್ದಲ್ಲ ಮೇಡಂ, ನೀವು ಫೋನ್ ಮಾಡಿ ಸಾಕು."

ಎರಡು ದಿನ ಯಾರೂ ಎತ್ತಿರಲಿಲ್ಲ. ಇವತ್ತು ಅವರ ಹೆಂಡತಿ ಎತ್ತಿದರು. ಅಭ್ಯಾಸಬಲ, ನನ್ನ ಹಾಳು ಬಾಯಿಂದ ಬಂದದ್ದು ಅದೇ ಪ್ರಶ್ನೆ: "ಜ್ವರ ಇದೆಯಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇಲ್ಲಮ್ಮ," ಎಂದರು. "ಈ ಕಡೆ ಯಾರೂ ತಲೆ ಹಾಕ್ತಿಲ್ಲ. ಅವರನ್ನ ಇನ್ನೂ ವಿಚಾರಿಸ್ತಿರೋರು ನೀವೊಬ್ರೇ. ನಾಳೇನೂ ಮಾಡ್ತೀರಲ್ವಾ?"

ಕಂಪ್ಯೂಟರಿನಲ್ಲಿ ಇರುವುದು ಎರಡೇ ಉತ್ತರ: ಜ್ವರ ಇದೆ, ಜ್ವರ ಇಲ್ಲ. ಎರಡನೆಯದನ್ನು ಒತ್ತಿದೆ.

ಸಂಜೆ ಕಚೇರಿಯಿಂದ ಸಂದೇಶ. ಹದಿನಾಲ್ಕು ದಿನ ಪೂರೈಸಿ ನಿಮ್ಮ ವಾರ್ಡಿನಲ್ಲಿ ಒಬ್ಬರು ಗುಣಮುಖ, ಅಭಿನಂದನೆಗಳು. ಕೆಳಗೆ ಸಾಲಾಗಿ ಚಪ್ಪಾಳೆ.

ನಾಳೆಯ ಪಟ್ಟಿ ಈಗಷ್ಟೇ ಬಂತು. ಅವರ ಹೆಸರಿಲ್ಲ. ಒಂಬತ್ತಕ್ಕೆ ಆಕೆ ಫೋನ್ ಪಕ್ಕದಲ್ಲೇ ಕೂತಿರುತ್ತಾರೆ. ಮಾಡುತ್ತೇನೆ, ಮಾಡಿ ಏನೆಂದು ಕೇಳಲಿ?